ಅನುಭವ ಕೇಳುವವರೇ, ಅನುಭವ ಕೊಡುವವರು ಯಾರು?



ಹೊಸಮನೆಯ ರಾಜ್ಯೋತ್ಸವ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಹೆಚ್ಚುಕಡಿಮೆ ಹಾಗೆಯೇ ಇಲ್ಲಿ ಬರೆದುಕೊಟ್ಟಿದ್ದೇನೆ. ಅಲ್ಲಿ ಕುಳಿತು ಕೇಳಿದವರು ಕಡಿಮೆ, ಪತ್ರಿಕೆ ಹಿಡಿದು ಓದುತ್ತಿರುವ ನೀವು ಹೆಚ್ಚು. ಅವರಿಗೆ ಹೇಳಿದ್ದನ್ನು ನಿಮಗೂ ಎದುರು ಕೂತು ಹೇಳುತ್ತಿದ್ದೇನೆ ಎಂದೇ ತಿಳಿಯಿರಿ.

ಶಿವಮೊಗ್ಗದಲ್ಲಿ ಒಂದು ಹೊಸಮನೆ ಇದೆ, ಭದ್ರಾವತಿಯಲ್ಲಿ ಇನ್ನೊಂದು ಹೊಸಮನೆ ಇದೆ. ಒಂದು ತುಂಗೆಯ ಊರಿನದು, ಇನ್ನೊಂದು ಭದ್ರೆಯ ಊರಿನದು. ಎರಡು ಕಡೆಯೂ ಇವತ್ತು ಒಂದೇ ಕಥೆ. ಮಗ ಡಿಪ್ಲೊಮಾ ಮುಗಿಸಿದ್ದಾನೆ, ಮಗಳು ಬಿ.ಸಿ.ಎ. ಮುಗಿಸಿದ್ದಾಳೆ. ಅರ್ಜಿ ಹಾಕಿದಲ್ಲೆಲ್ಲ ಒಂದೇ ಪ್ರಶ್ನೆ: “ಎಷ್ಟು ವರ್ಷದ ಅನುಭವ?” ಇಪ್ಪತ್ತೆರಡು ವಯಸ್ಸಿನ ಮಗು ಅನುಭವವನ್ನು ಎಲ್ಲಿಂದ ತರಬೇಕು? ಸಂತೆಯಲ್ಲಿ ಸಿಗುತ್ತದೆಯೇ? ಕೊನೆಗೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಹೋಗಲಾರದವರು, ಮನೆಯವರು ಕಳಿಸದವರು, ಊರಿನಲ್ಲೇ ಉಳಿದು ಓದಿದ್ದಕ್ಕೆ ಸಂಬಂಧವಿಲ್ಲದ ಕೆಲಸ ಹಿಡಿಯುತ್ತಾರೆ.

ಇದೇ ಊರಿನಲ್ಲಿ ಅಪ್ಪಂದಿರ ಕಾಲಕ್ಕೆ ಹೀಗಿರಲಿಲ್ಲ. ಕಬ್ಬಿಣದ ಕಾರ್ಖಾನೆ ಇತ್ತು, ಕಾಗದದ ಕಾರ್ಖಾನೆ ಇತ್ತು. 1936ರಲ್ಲಿ ಹುಟ್ಟಿದ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್ಎಲ್ ಮುಚ್ಚುತ್ತೇವೆಂದು 2023ರ ಜನವರಿಯಲ್ಲಿ ಹೇಳಿದಾಗ ಗೇಟಿನ ಮುಂದೆ ಕಾರ್ಮಿಕರು ಕೂತದ್ದನ್ನು ನೀವೆಲ್ಲ ಬಲ್ಲಿರಿ. ಆ ಹೋರಾಟದ ಮಾತು ಬೇರೆ ದಿನಕ್ಕಿರಲಿ. ಇವತ್ತು ನಾನು ಒಂದೇ ಒಂದು ಉದ್ಯೋಗದ ಬಗ್ಗೆ ಮಾತಾಡುತ್ತೇನೆ. ಅದು ಸಿಸ್ಟಂ ಅಡ್ಮಿನಿಸ್ಟ್ರೇಟರ್ ಕೆಲಸ, ಬಾಯಿಮಾತಿನಲ್ಲಿ ‘ಅಡ್ಮಿನ್’. ನಾನು ಉಣ್ಣುವ ಅನ್ನ ಅದರದ್ದು. ಆದ್ದರಿಂದ ಅದರ ಒಳಹೊರಗು ಹೇಳಬಲ್ಲೆ.

ಯಾರು ಈ ಅಡ್ಮಿನ್?

ನ್ಯಾಯಬೆಲೆ ಅಂಗಡಿಗೆ ಹೋಗುತ್ತೀರಿ. “ಸರ್ವರ್ ಇಲ್ಲ, ನಾಳೆ ಬನ್ನಿ.” ನಾಡಕಚೇರಿಗೆ ಜಾತಿ ಪ್ರಮಾಣಪತ್ರಕ್ಕೆ ಹೋಗುತ್ತೀರಿ. “ಸರ್ವರ್ ಬ್ಯುಸಿ.” ಹೊಲದ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗುತ್ತೀರಿ. ಅಲ್ಲೂ ಅದೇ ಮಾತು. ಕೂಲಿ ಬಿಟ್ಟು ಬಂದವನ ಒಂದು ದಿನ ಹೋಯಿತು. ಈ ‘ಸರ್ವರ್’ ಎಂಬುದು ದೇವರಲ್ಲ, ದೆವ್ವವೂ ಅಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಹಗಲೂ ರಾತ್ರಿ ಓಡುವ ಕಂಪ್ಯೂಟರ್. ಅದನ್ನು ಓಡುವಂತೆ ಇಟ್ಟಿರುವವನು ಅಡ್ಮಿನ್.

ಹಿಂದೆ ಕೆರೆಯ ಕೆಳಗಿನ ಗದ್ದೆಗಳಿಗೆ ನೀರುಗಂಟಿ ಎಂಬವನಿದ್ದ. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಯಾವ ಕಾಲುವೆಯಲ್ಲಿ ಹೂಳು ತುಂಬಿದೆ, ಯಾರ ಗದ್ದೆಗೆ ನೀರು ಮುಟ್ಟಿಲ್ಲ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ನೀರು ಬರುವಷ್ಟು ದಿನ ಅವನ ನೆನಪು ಯಾರಿಗೂ ಇಲ್ಲ. ನೀರು ನಿಂತ ದಿನ ಎಲ್ಲರೂ ಅವನನ್ನೇ ಹುಡುಕುತ್ತಾರೆ. ಅಡ್ಮಿನ್ ಕೆಲಸವೂ ಹಾಗೆಯೇ. ಯಾರಿಗೆ ಯಾವ ಕಡತ ತೆರೆಯುವ ಅಧಿಕಾರ, ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ನಿನ್ನೆಯ ದಾಖಲೆಗಳ ನಕಲು ಸರಿಯಾಗಿ ಉಳಿಯಿತೇ, ಯಾವ ತಂತ್ರಾಂಶಕ್ಕೆ ಭದ್ರತೆಯ ತೇಪೆ ಹಾಕಬೇಕು, ಇವೆಲ್ಲ ಅವನ ದಿನಚರಿ.

ಈಗ ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರ್ ಇಲ್ಲದ ಕಚೇರಿ ಯಾವುದಿದೆ ಹೇಳಿ. ಆಸ್ಪತ್ರೆ, ಕಾಲೇಜು, ವಿಶ್ವವಿದ್ಯಾಲಯ, ಸಹಕಾರಿ ಬ್ಯಾಂಕು, ಅಡಿಕೆ ಮಂಡಿ, ಹಾಲು ಒಕ್ಕೂಟ, ವಿದ್ಯುತ್ ಕಂಪನಿ, ಖಾಸಗಿ ನರ್ಸಿಂಗ್ ಹೋಮು, ಮಾಚೇನಹಳ್ಳಿಯ ಕಾರ್ಖಾನೆಗಳು. ಇವುಗಳಲ್ಲಿ ಎಷ್ಟೋ ಕಡೆ ಈ ಕೆಲಸಕ್ಕೆಂದು ಮನುಷ್ಯನೇ ಇಲ್ಲ. ಇದ್ದರೂ ‘ಡಾಟಾ ಎಂಟ್ರಿ ಆಪರೇಟರ್’ ಎಂಬ ಹೆಸರಿನಲ್ಲಿ, ಗುತ್ತಿಗೆ ಏಜೆನ್ಸಿಯ ಮೂಲಕ, ಕಡಿಮೆ ಸಂಬಳಕ್ಕೆ ದುಡಿಯುವ ಒಬ್ಬ ಹುಡುಗ ಅಥವಾ ಹುಡುಗಿ. ಕೆಟ್ಟಾಗ ಬೆಂಗಳೂರಿಗೆ ಫೋನು. ಅವರು ಬರುವವರೆಗೆ ಜನ ಸಾಲಿನಲ್ಲಿ.

ಒಂದು ಕಡೆ ಕೆಲಸವಿಲ್ಲದ ಮಕ್ಕಳು. ಇನ್ನೊಂದು ಕಡೆ ಮಾಡುವವರಿಲ್ಲದ ಕೆಲಸ. ನಡುವೆ ಒಂದೇ ಗೋಡೆ, ‘ಅನುಭವ’. ಆ ಗೋಡೆ ಕಟ್ಟಿದವರು ನಾವೇ, ಕೆಡವಬೇಕಾದವರೂ ನಾವೇ.

ಭದ್ರಾವತಿಗೆ ಇದು ಹೊಸ ಪಾಠವಲ್ಲ

ಮೈಸೂರು ಸಂಸ್ಥಾನ ಭದ್ರೆಯ ದಡದಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ್ದು 1918ರಲ್ಲಿ. ಯೋಜನೆ ರೂಪಿಸಿದವರು ಅಮೆರಿಕದ ಪೆರಿನ್ ಮತ್ತು ಮಾರ್ಷಲ್ ಎಂಬ ತಜ್ಞ ಸಂಸ್ಥೆಯವರು. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು, ಆದರೆ ಲೆಕ್ಕದ ಪುಸ್ತಕದಲ್ಲಿ ನಷ್ಟವೇ ಹರಿಯುತ್ತಿತ್ತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ಅವರು ಮಾಡಿದ ಕೆಲಸಗಳಲ್ಲಿ ಒಂದು, ಹೊರದೇಶದ ತಜ್ಞರ ಜಾಗಕ್ಕೆ ಇಲ್ಲಿಯ ಎಂಜಿನಿಯರುಗಳನ್ನೇ ಹಂತಹಂತವಾಗಿ ತಂದದ್ದು.

ಯೋಚಿಸಿ. ಆಗ ನಮ್ಮವರಲ್ಲಿ ಯಾರಿಗೆ ಊದುಕುಲುಮೆಯ ಅನುಭವವಿತ್ತು? “ಹತ್ತು ವರ್ಷ ಕುಲುಮೆ ನಡೆಸಿದವರು ಮಾತ್ರ ಅರ್ಜಿ ಹಾಕಿ” ಎಂದಿದ್ದರೆ ಒಬ್ಬ ಕನ್ನಡಿಗನೂ ಗೇಟಿನೊಳಗೆ ಕಾಲಿಡುತ್ತಿರಲಿಲ್ಲ. ಒಳಗೆ ಬಿಟ್ಟರು, ಬಲ್ಲವರ ಪಕ್ಕ ನಿಲ್ಲಿಸಿದರು, ಕಲಿಸಿದರು. ಇನ್ನೊಂದು ಸಂಗತಿಯನ್ನು ಭದ್ರಾವತಿಯವರು ಮರೆಯಬಾರದು. ಆ ಕಾರ್ಖಾನೆಯ ಕೆಲಸಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕೊಟ್ಟರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ.

ಇತ್ತೀಚಿನ ಉದಾಹರಣೆಯೂ ಇದೆ. ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಕೂತು ಆ ಕಂಪ್ಯೂಟರ್ ನಡೆಸಿದವರು ಯಾರು? ಅಮೆರಿಕದಿಂದ ಬಂದವರೇ? ಅಲ್ಲ. ಗ್ರಾಮ ಲೆಕ್ಕಿಗರು. ನಿನ್ನೆಯವರೆಗೆ ಕಂತೆ ಪುಸ್ತಕ ಬರೆಯುತ್ತಿದ್ದ ಕೈಗಳು. ಅವರಿಗೆ ತರಬೇತಿ ಕೊಟ್ಟರು, ಬೆರಳಚ್ಚು ಕೊಟ್ಟು ಒಳಹೋಗುವ ಪದ್ಧತಿ ಕಲಿಸಿದರು, ಪರದೆಯ ಮೇಲೆ ಕನ್ನಡ ಇಟ್ಟರು. ಕಲಿತರು, ನಡೆಸಿದರು. ನಮ್ಮವರ ಕೈಯಲ್ಲಿ ಆಗುವುದಿಲ್ಲ ಎಂದು ಇನ್ನು ಯಾರಾದರೂ ಹೇಳಿದರೆ ಈ ಎರಡು ಹೆಸರು ಹೇಳಿ: ಭದ್ರಾವತಿ, ಭೂಮಿ.

2024ರ ಜುಲೈ: ಒಂದೇ ವಾರ, ಎರಡು ಸುದ್ದಿ

ಕನ್ನಡಿಗರಿಗೆ ಉದ್ಯೋಗ ಎಂಬ ಕೂಗು ಹಳೆಯದು. ಡಾ. ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ ಕೊಟ್ಟ ವರದಿಯ 58 ಶಿಫಾರಸುಗಳನ್ನು ನಾವು ವೇದಿಕೆಯಲ್ಲಿ ಎಷ್ಟು ಸಲ ನೆನೆದಿಲ್ಲ? 2024ರ ಜುಲೈ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದರು. 17ರಂದು ಸರ್ಕಾರ ಅದನ್ನು ತಡೆಹಿಡಿಯಿತು. ಶೇಕಡಾವಾರು ಲೆಕ್ಕದ ಜಗಳದಲ್ಲಿ ಆ ಮಸೂದೆಯ ಒಂದು ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಅರ್ಹ ಸ್ಥಳೀಯರು ಸಿಗದಿದ್ದರೆ, ಸರ್ಕಾರದ ಜೊತೆ ಸೇರಿ ಮೂರು ವರ್ಷದೊಳಗೆ ಸ್ಥಳೀಯರನ್ನು ತರಬೇತು ಮಾಡಿ ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಇತ್ತು. ನನ್ನ ಮಟ್ಟಿಗೆ ಇಡೀ ಮಸೂದೆಯ ಜೀವ ಅಲ್ಲಿದೆ. ಆ ಮಾತನ್ನು ಜಾರಿಗೆ ತರಲು ನಮಗೆ ಕಾಯಿದೆಯೇ ಬೇಕೆಂದಿಲ್ಲ.

ಎರಡೇ ದಿನ ಕಳೆದು, ಜುಲೈ 19ರಂದು, ಜಗತ್ತಿನ ಕಂಪ್ಯೂಟರುಗಳ ಪರದೆ ನೀಲಿಯಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಕಡತದಿಂದ ಸುಮಾರು 85 ಲಕ್ಷ ಯಂತ್ರಗಳು ಮಲಗಿದವು ಎಂದು ಮೈಕ್ರೋಸಾಫ್ಟ್ ಅಂದಾಜು ಕೊಟ್ಟಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಮದ್ದು ಏನು ಗೊತ್ತೇ? ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ ಆ ಕಡತವನ್ನು ಅಳಿಸುವುದು. ಬಹುಪಾಲು ಯಂತ್ರಗಳಿಗೆ ಅದನ್ನು ದೂರದಿಂದ ಮಾಡುವಂತಿರಲಿಲ್ಲ. ಒಬ್ಬ ಮನುಷ್ಯ ಒಂದೊಂದೇ ಯಂತ್ರದ ಮುಂದೆ ಹೋಗಿ ಕೂರಬೇಕಿತ್ತು. ಅದೇ ತಿಂಗಳ ಕೊನೆಗೆ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಗೆ ಸುಲಿಗೆ ವೈರಸ್ ಹೊಕ್ಕು, ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತುಹೋಯಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಅವು.

“ಎಲ್ಲ ದೂರದಿಂದಲೇ ನಡೆಯುತ್ತದೆ, ಊರಲ್ಲಿ ಮನುಷ್ಯ ಯಾಕೆ?” ಎನ್ನುವವರಿಗೆ ಆ ತಿಂಗಳೇ ಉತ್ತರ. ಕಷ್ಟ ಬಂದ ದಿನ ಯಂತ್ರದ ಪಕ್ಕದಲ್ಲಿ ಬಲ್ಲವನೊಬ್ಬ ಇರಬೇಕು. ಇರಬೇಕೆಂದರೆ ಮೊದಲೇ ತಯಾರು ಮಾಡಿರಬೇಕು.

ಆಯ್ಕೆ ಹೇಗೆ ಮಾಡಬೇಕು?

ಕೆಲಸ ಕೊಡುವ ಜಾಗದಲ್ಲಿರುವ ಓದುಗರೇ, ಈ ಭಾಗ ನಿಮಗೆ.

ಮೊದಲು ಜಾಹೀರಾತು ತಿದ್ದಿ. ಕಿರಿಯರ ಹುದ್ದೆ ಎಂದು ಬರೆದು ಕೆಳಗೆ ಮೂರು ವರ್ಷದ ಅನುಭವ, ಐದು ಸರ್ಟಿಫಿಕೇಟು, ನಿರರ್ಗಳ ಇಂಗ್ಲಿಷ್ ಎಂದು ಕೇಳಿದರೆ ಅದು ಹಿರಿಯನನ್ನು ಕಿರಿಯನ ಸಂಬಳಕ್ಕೆ ಕೊಳ್ಳುವ ಉಪಾಯ. ಕಿರಿಯರಿಗೆ ನಿಜವಾಗಿ ಬೇಕಾದದ್ದು ಇಷ್ಟೇ: ಕಂಪ್ಯೂಟರಿನ ಮೂಲಪಾಠ, ಜಾಲ ಹೇಗೆ ನಡೆಯುತ್ತದೆಂಬ ಅಂದಾಜು, ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದುವ ತಾಳ್ಮೆ, ಕಲಿಯುವ ಹಸಿವು.

ಎರಡನೆಯದು ಸಂದರ್ಶನ. ಮೇಜಿನ ಆಚೆ ನಾಲ್ವರು ಕೂತು ಇಂಗ್ಲಿಷಿನಲ್ಲಿ “ನಿಮ್ಮ ಬಗ್ಗೆ ಹೇಳಿ” ಎಂದರೆ ಹೊಸಮನೆಯ ಹುಡುಗಿ ತಡವರಿಸುತ್ತಾಳೆ. ಅವಳು ತಡವರಿಸಿದ್ದು ಇಂಗ್ಲಿಷಿನಲ್ಲಿ, ಕೆಲಸದಲ್ಲಿ ಅಲ್ಲ! ಆ ಪ್ರಶ್ನೆ ಬಿಡಿ. ಕೆಟ್ಟ ಒಂದು ಕಂಪ್ಯೂಟರ್ ಮುಂದಿಡಿ. “ಇದರಲ್ಲಿ ಇಂಟರ್ನೆಟ್ ಬರುತ್ತಿಲ್ಲ, ಏನು ನೋಡುತ್ತೀಯಮ್ಮ?” ಎಂದು ಕನ್ನಡದಲ್ಲಿ ಕೇಳಿ.

ಒಬ್ಬರು ಕೂಡಲೇ “ವಿಂಡೋಸ್ ಮತ್ತೆ ಹಾಕಬೇಕು” ಎನ್ನುತ್ತಾರೆ. ಇನ್ನೊಬ್ಬರು ಕೇಳುತ್ತಾರೆ: ಇದೊಂದಕ್ಕೇ ಇಲ್ಲವೋ, ಎಲ್ಲದಕ್ಕೂ ಇಲ್ಲವೋ? ನಿನ್ನೆ ಇತ್ತೇ? ಯಾರಾದರೂ ಏನಾದರೂ ಬದಲಿಸಿದರೇ? ಕೇಬಲ್ ನೋಡುತ್ತಾರೆ, ಸ್ವಿಚ್ಚಿನ ದೀಪ ನೋಡುತ್ತಾರೆ, ಯಂತ್ರಕ್ಕೆ ಐಪಿ ವಿಳಾಸ ಸಿಕ್ಕಿದೆಯೇ ನೋಡುತ್ತಾರೆ. ಅಂಕೆಯ ವಿಳಾಸಕ್ಕೆ ತಲುಪುತ್ತದೆ, ಹೆಸರು ಹೊಡೆದರೆ ತಲುಪುವುದಿಲ್ಲ ಎಂದಾದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಕೆಟ್ಟಿದೆ ಎನ್ನುತ್ತಾರೆ. ಹತ್ತಿರದಿಂದ ದೂರಕ್ಕೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಉತ್ತರ ಪೂರ್ತಿ ಬರದಿದ್ದರೂ ದಾರಿ ಸರಿಯಿದ್ದರೆ ಅವರನ್ನು ತೆಗೆದುಕೊಳ್ಳಿ.

ಮೂರನೆಯದು ನಡತೆ. ಅಡ್ಮಿನ್ ಕೈಯಲ್ಲಿ ಎಲ್ಲರ ಬೀಗದ ಕೈ ಇರುತ್ತದೆ. ಆಸ್ಪತ್ರೆಯಲ್ಲಿ ಯಾರಿಗೆ ಯಾವ ಕಾಯಿಲೆ, ಬ್ಯಾಂಕಿನಲ್ಲಿ ಯಾರ ಖಾತೆಯಲ್ಲಿ ಎಷ್ಟು, ಎಲ್ಲ ಕಾಣುತ್ತದೆ. ಕಂಡರೂ ಇಣುಕಬಾರದು, ಇಣುಕಿದರೂ ಆಡಬಾರದು ಎಂಬ ಸಂಯಮವಿಲ್ಲದವರು ಎಷ್ಟು ಜಾಣರಾದರೂ ಬೇಡ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸಾರ್, ನೋಡಿ ಹೇಳುತ್ತೇನೆ” ಎನ್ನುವವರನ್ನು ಬಿಡಬೇಡಿ. ಎಲ್ಲ ಗೊತ್ತು ಎನ್ನುವವರನ್ನು ಕಂಡರೆ ಹುಷಾರಾಗಿರಿ. ಹೆಣ್ಣುಮಕ್ಕಳ ಅರ್ಜಿಯನ್ನು “ರಾತ್ರಿ ಪಾಳಿ ಇದೆ” ಎಂದು ಪಕ್ಕಕ್ಕಿಡುವ ಚಾಳಿಯೂ ನಿಲ್ಲಬೇಕು. ಅವರು ಬರಬೇಕೋ ಬೇಡವೋ ಎಂಬುದನ್ನು ಅವರನ್ನೇ ಕೇಳಿ. ರಾತ್ರಿ ಮನೆ ಮುಟ್ಟಿಸುವ ವಾಹನದ ಏರ್ಪಾಡು ನಿಮ್ಮ ಜವಾಬ್ದಾರಿ.

ಆರು ತಿಂಗಳ ಪಾಠ

ಕೆಲಸ ಕೊಟ್ಟರೆ ಮುಗಿಯಲಿಲ್ಲ. ಈಜು ಬಾರದವನನ್ನು ಭದ್ರಾ ನಾಲೆಗೆ ತಳ್ಳಿ “ಕಲಿ” ಎಂದಂತೆ ನಡೆಸಿಕೊಳ್ಳುವ ಸಂಸ್ಥೆಗಳೇ ಹೆಚ್ಚು. ಹುಡುಗ ಮುಳುಗಿದರೆ “ಈಗಿನ ಹುಡುಗರೇ ಹೀಗೆ” ಎಂಬ ಮಾತು ಬೇರೆ. ಅಕ್ಷರಾಭ್ಯಾಸದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವಲ್ಲ, ಕ್ರಮ ಅದೇ. ಮೊದಲು ನೋಡಲಿ, ಆಮೇಲೆ ನಿಮ್ಮ ಜೊತೆ ಮಾಡಲಿ, ಕೊನೆಗೆ ನೀವು ನೋಡುತ್ತಿರುವಾಗ ತಾನೇ ಮಾಡಲಿ.

ಮೊದಲ ವಾರವೇ ಒಂದು ಹಳೆಯ ಕಂಪ್ಯೂಟರ್ ಕೊಡಿ, ಕೆಡಿಸಿ ಕಲಿಯಲು. ಅದರಲ್ಲಿ ಲಿನಕ್ಸ್ ಹಾಕಲಿ. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿಯೊಬ್ಬ ಶುರುಮಾಡಿದ ಲಿನಕ್ಸ್ ಇವತ್ತು ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುತ್ತಿದೆ, ಅದಕ್ಕೆ ಕಾಸು ಕೊಡಬೇಕಿಲ್ಲ. ನಿಜವಾದ ಸರ್ವರಿನ ಪೂರ್ಣಾಧಿಕಾರ ಮಾತ್ರ ಮೊದಲ ದಿನವೇ ಬೇಡ. ನೋಡುವ ಅಧಿಕಾರ ಕೊಡಿ, ನಂಬಿಕೆ ಬೆಳೆದಂತೆ ಒಂದೊಂದೇ ಬೀಗದ ಕೈ ಕೊಡಿ.

ಒಂದು ನೋಟ್ ಪುಸ್ತಕ ಕೊಡಿ. ಏನು ಕೆಟ್ಟಿತು, ಏನು ನೋಡಿದೆ, ಏನು ಮಾಡಿದೆ, ಏನಾಯಿತು, ನಾಲ್ಕೇ ಸಾಲು. ಆರು ತಿಂಗಳಲ್ಲಿ ಅದೇ ಸಂಸ್ಥೆಯ ಕೈಪಿಡಿಯಾಗುತ್ತದೆ. ಹಿರಿಯರ ತಲೆಯಲ್ಲಿ ಮಾತ್ರ ಇದ್ದದ್ದು ಕಾಗದಕ್ಕೆ ಇಳಿಯುತ್ತದೆ.

ಪ್ರಶ್ನೆ ಕೇಳಲು ಒಂದು ನಿಯಮವಿರಲಿ. ಅರ್ಧ ಗಂಟೆ ತಾನೇ ಪ್ರಯತ್ನಿಸಬೇಕು. ಆಗದಿದ್ದರೆ ಕೇಳಲೇಬೇಕು. ಕೇಳದೆ ಮೂರು ದಿನ ಒದ್ದಾಡಿದರೆ ಅದು ತಪ್ಪು, ಕೇಳಿದವರ ಮೇಲೆ ಹಿರಿಯರು ರೇಗಿದರೆ ಅದು ಇನ್ನೂ ದೊಡ್ಡ ತಪ್ಪು.

ಆರು ತಿಂಗಳ ಪರೀಕ್ಷೆ ಯಾವುದು? ದಾಖಲೆಗಳನ್ನು ನಕಲಿನಿಂದ ವಾಪಸು ತರುವುದು. “ಬ್ಯಾಕಪ್ ಆಗುತ್ತಿದೆ” ಎಂದು ಎಲ್ಲರೂ ಹೇಳುತ್ತಾರೆ, ವಾಪಸು ತಂದು ನೋಡಿದವರು ಅಪರೂಪ. ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿ ಇರಬೇಕು, ಒಂದಾದರೂ ಬೇರೆ ಕಟ್ಟಡದಲ್ಲಿ ಇರಬೇಕು ಎಂಬುದು ಈ ಕಸುಬಿನ ಹಳೆಯ ಸೂತ್ರ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಸರ್ವರೂ ಅದರ ನಕಲೂ ಒಂದೇ ನೆಲಮಹಡಿಯಲ್ಲಿ ಏಕೆ ಇರಬಾರದೆಂದು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಕಿರಿಯ, ಹಿರಿಯರ ನೆರವಿಲ್ಲದೆ, ನಿನ್ನೆಯ ದಾಖಲೆಯನ್ನು ಹಳೆಯ ಕಂಪ್ಯೂಟರಿನಲ್ಲಿ ಪೂರ್ತಿ ಎಬ್ಬಿಸಿ ತೋರಿಸಿದ ದಿನ ಅವನಿಗೆ ಸಂಬಳ ಏರಿಸಿ. ಅಲ್ಲಿಯವರೆಗೆ ರಾತ್ರಿ ಪಾಳಿಯಲ್ಲಿ ಒಬ್ಬನನ್ನೇ ಬಿಡಬೇಡಿ.

ಮತ್ತೊಂದು. ಕಲಿಸುವ ಹಿರಿಯರಿಗೆ ದಿನಕ್ಕೆ ಒಂದು ಗಂಟೆಯಾದರೂ ಬಿಡುವು ಕೊಡಿ, ಅದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಿರಿ. ಮೂವರ ಕೆಲಸ ಒಬ್ಬನ ಮೇಲೆ ಹೇರಿ, ಮೇಲಿನಿಂದ ಇಬ್ಬರು ಹುಡುಗರನ್ನೂ ಕೊಟ್ಟು ಕಲಿಸು ಎಂದರೆ ಅವನು ಏನು ಕಲಿಸುತ್ತಾನೆ? ಬೈಯುವುದನ್ನು ಕಲಿಸುತ್ತಾನೆ.

ತಪ್ಪು ಮಾಡಿದಾಗ

ಕಲಿಯುವವರು ತಪ್ಪು ಮಾಡುತ್ತಾರೆ. ಡಿಸ್ಕ್ ತುಂಬಿತೆಂದು ದೊಡ್ಡ ಕಡತವೊಂದನ್ನು ಅಳಿಸುತ್ತಾರೆ, ಅದು ಡೇಟಾಬೇಸಿನದ್ದಾಗಿರುತ್ತದೆ. ಆಗ ಏನು ಮಾಡುತ್ತೀರಿ?

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದದ್ದು ಕೇಳಿ. ಜಗತ್ತಿನ ಸಾವಿರಾರು ಎಂಜಿನಿಯರುಗಳು ತಮ್ಮ ಕೆಲಸ ಇಡುವ ಜಾಗ ಅದು. ಅಲ್ಲಿಯ ಒಬ್ಬ ಎಂಜಿನಿಯರ್, ಕಿರಿಯನಲ್ಲ, ಅನುಭವಸ್ಥನೇ, ದಣಿದ ರಾತ್ರಿಯಲ್ಲಿ ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸ್ ಅಳಿಸತೊಡಗಿದ. ಒಂದೆರಡು ಕ್ಷಣದಲ್ಲಿ ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಉಳಿದಿತ್ತು. ನಕಲು ಹುಡುಕಿದರೆ, ನಡೆಯುತ್ತಿವೆ ಎಂದುಕೊಂಡಿದ್ದ ವ್ಯವಸ್ಥೆಗಳು ಒಂದಾದ ಮೇಲೊಂದು ಕೈಕೊಟ್ಟವು. ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆರು ಗಂಟೆಯ ಮಾಹಿತಿ ಹೋಯಿತು.

ಕಂಪನಿ ಏನು ಮಾಡಿತು? ಅವನನ್ನು ಬೀದಿಗೆ ತಳ್ಳಲಿಲ್ಲ. ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆದು ಜಗತ್ತಿಗೆ ತೋರಿಸಿತು. ‘ಯಾರು ಮಾಡಿದರು’ ಎಂಬುದಕ್ಕಿಂತ ‘ಹೇಗೆ ಸಾಧ್ಯವಾಯಿತು’ ಎಂದು ಕೇಳಿತು. ನಕಲು ಸರಿಯಿದೆಯೇ ಎಂದು ನೋಡುವವರೇ ಇರಲಿಲ್ಲ, ಎರಡು ಸರ್ವರಿನ ಪರದೆ ಒಂದೇ ಥರ ಕಾಣುತ್ತಿತ್ತು, ಅವನ್ನು ತಿದ್ದಿತು.

ನಮ್ಮಲ್ಲಿ ಏನಾಗುತ್ತದೆ? ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಾರೆ. ಮುಂದಿನ ಸಲ ತಪ್ಪಾದಾಗ ಅವನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪು ಬೂದಿಯ ಕೆಳಗಿನ ಕೆಂಡ. ತಪ್ಪನ್ನು ತಕ್ಷಣ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟವರಿಗೆ ಕ್ಷಮೆ ಇಲ್ಲ. ಈ ಒಂದು ಕಟ್ಟಳೆ ಸಾಕು.

ಯಾವ ಭಾಷೆಯಲ್ಲಿ ಕಲಿಸಬೇಕು?

ಈ ಪತ್ರಿಕೆ ಓದುವವರು ಈ ಪ್ರಶ್ನೆಗೆ ಕಾಯುತ್ತಿದ್ದೀರಿ ಎಂದು ಬಲ್ಲೆ. ಇದ್ದದ್ದು ಇದ್ದಂತೆ ಹೇಳುತ್ತೇನೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳು ಇಂಗ್ಲಿಷಿನಲ್ಲಿವೆ. ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಓದಲು ಬರಲೇಬೇಕು. “ಇಂಗ್ಲಿಷ್ ಬೇಡವೇ ಬೇಡ” ಎಂದು ನಮ್ಮ ಮಕ್ಕಳಿಗೆ ಸುಳ್ಳು ಹೇಳಿದರೆ ಅದು ಅವರಿಗೆ ಮಾಡುವ ಅನ್ಯಾಯ.

ಆದರೆ ಓದುವುದು ಬೇರೆ, ಯೋಚಿಸುವುದು ಬೇರೆ. “ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್” ಎಂದು ಪರದೆ ಹೇಳಿದಾಗ, “ಡಿಸ್ಕ್ ತುಂಬಿದೆ, ಏನು ತುಂಬಿದೆ ನೋಡು, ಲಾಗ್ ಕಡತವೋ, ಯಾರೋ ಹಾಕಿದ ಸಿನಿಮಾವೋ? ಅಳಿಸುವ ಮುಂಚೆ ಅದನ್ನು ಯಾರು ಬಳಸುತ್ತಿದ್ದಾರೆ ತಿಳಿದುಕೋ” ಎಂದು ಕನ್ನಡದಲ್ಲಿ ಹೇಳಿದರೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ. ಅರ್ಥವಾಗದಿದ್ದರೆ “ಅರ್ಥವಾಗಲಿಲ್ಲ” ಎಂದು ಕನ್ನಡದಲ್ಲಿ ಹೇಳಲು ನಾಚಿಕೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ಪಾಠ ನಡೆದರೆ ತಲೆಯಾಡಿಸುತ್ತಾರೆ, ಅಷ್ಟೆ. ಆ ಸುಳ್ಳು ತಲೆಯಾಟಕ್ಕೆ ಬೆಲೆ ತೆರುವುದು ಮುಂದೊಂದು ದಿನ ಸಾಲಿನಲ್ಲಿ ನಿಂತ ಜನ.

ಸಂಸ್ಥೆಯ ಕೈಪಿಡಿ ಕನ್ನಡದಲ್ಲಿರಲಿ. ಕರೆಂಟು ಹೋದರೆ ಯಾವ ಯಂತ್ರ ಮೊದಲು ಆರಿಸಬೇಕು, ಬಂದಾಗ ಯಾವುದು ಮೊದಲು ಹಚ್ಚಬೇಕು, ಯಾರಿಗೆ ಫೋನು ಮಾಡಬೇಕು, ಇದೆಲ್ಲ ರಾತ್ರಿ ಕಾವಲುಗಾರನಿಗೂ ಅರ್ಥವಾಗಬೇಕು. ಅಡ್ಮಿನ್ ಮಾತಾಡಬೇಕಾದದ್ದು ನರ್ಸ್ ಜೊತೆ, ಗುಮಾಸ್ತೆಯ ಜೊತೆ, ಮಂಡಿಯ ಲೆಕ್ಕದವರ ಜೊತೆ. ಅವರ ದೂರು ಕನ್ನಡದಲ್ಲಿ ಬರುತ್ತದೆ. ಕನ್ನಡ ಬಲ್ಲ ಅಡ್ಮಿನ್ ಬೇಕೆನ್ನುವುದು ಅಭಿಮಾನದ ಮಾತಷ್ಟೇ ಅಲ್ಲ, ಕೆಲಸದ ಮಾತು.

“ಕಲಿತು ಓಡಿಹೋಗುತ್ತಾರೆ”

ಇದು ಎಲ್ಲ ಮಾಲೀಕರ ಆಕ್ಷೇಪಣೆ. ಹೌದು, ಕೆಲವರು ಹೋಗುತ್ತಾರೆ. ಹೋಗಲಿ. ಆದರೆ ಕಲಿಯದೆ ಇರುವವರು ಉಳಿದರೆ ನಿಮಗೇನು ಲಾಭ? ಕಲಿಸುವ ಜಾಗ ಎಂಬ ಹೆಸರು ಬಂದರೆ ಹೋದ ಒಬ್ಬರ ಜಾಗಕ್ಕೆ ಹತ್ತು ಒಳ್ಳೆಯ ಅರ್ಜಿ ಬರುತ್ತವೆ. ನೋಟ್ ಪುಸ್ತಕ ಬರೆಸಿದ್ದರೆ ಹೋದವರ ಜೊತೆ ಎಲ್ಲವೂ ಹೋಗುವುದಿಲ್ಲ. ಕೆಲಸ ಕಲಿತವರಿಗೆ ಸಂಬಳ ಏರಿಸಿದರೆ, ಅಪ್ಪ ಅಮ್ಮನ ಜೊತೆ ಸ್ವಂತ ಮನೆಯಲ್ಲಿ ಇರಬಹುದೆಂದು ಎಷ್ಟೋ ಮಂದಿ ಉಳಿಯುತ್ತಾರೆ. ಬೆಂಗಳೂರಿನ ಬಾಡಿಗೆ ಲೆಕ್ಕ ಹಾಕಲು ಅವರಿಗೂ ಬರುತ್ತದೆ.

ಇನ್ನೊಂದು ಆಕ್ಷೇಪಣೆ ಹೊಸದು. “ಈಗ ಎಐ ಬಂದಿದೆ, ಕಿರಿಯರ ಕೆಲಸ ಅದೇ ಮಾಡುತ್ತದೆ.” ಅದು ನೆರವಾಗುತ್ತದೆ, ನಾನೂ ಬಳಸುತ್ತೇನೆ. ಆದರೆ ಅದು ಹೇಳಿದ ಆಜ್ಞೆ ಸರಿಯೋ, ಸರ್ವರನ್ನೇ ಮಲಗಿಸುವುದೋ ಎಂದು ತೂಗಿ ನೋಡಲು ಬಲ್ಲವರು ಬೇಕಲ್ಲ? ಇಂದು ಸಸಿ ನೆಡದವನು ಹತ್ತು ವರ್ಷದ ಮೇಲೆ ಅಡಿಕೆ ಕೊಯ್ಯುವುದುಂಟೇ? ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕೇ?

ಏನು ಮಾಡಬೇಕು?

ಮೊದಲನೆಯದು, ಇರುವ ಕಾಯಿದೆಯನ್ನು ಬಳಸಿಕೊಳ್ಳಿ. 1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ, 2019ರಲ್ಲಿ ತಿದ್ದಿದ ನಿಯಮಗಳಂತೆ, 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಮ್ಮ ಸಂಘಟನೆಗಳು ಮನವಿ ಪತ್ರ ಹಿಡಿದು ಹೋದಾಗ “ಕನ್ನಡಿಗರಿಗೆ ಕೆಲಸ ಕೊಡಿ” ಎಂಬ ಒಂದೇ ಸಾಲು ಬೇಡ. “ನಿಮ್ಮಲ್ಲಿ ಎಷ್ಟು ಅಪ್ರೆಂಟಿಸರು? ಅದರಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಎಷ್ಟು? ಯಾರು ಕಲಿಸುತ್ತಾರೆ? ವಾರಕ್ಕೆ ಎಷ್ಟು ಗಂಟೆ?” ಎಂದು ಕೇಳಿ. ಲೆಕ್ಕ ಕೇಳಿದರೆ ಉತ್ತರ ಬರುತ್ತದೆ. ಕೂಗಿಗೆ ಗೇಟು ಮಾತ್ರ ಮುಚ್ಚುತ್ತದೆ. ಅಪ್ರೆಂಟಿಸ್ ಎಂದರೆ ಅಗ್ಗದ ಕೂಲಿ ಎಂದು ತಿಳಿದು ಚಹಾ ತರಿಸುವ, ಕಡತ ಹೊರಿಸುವ ಜಾಗಗಳನ್ನೂ ಗಮನಿಸಿ.

ಎರಡನೆಯದು, ಯುವನಿಧಿ. 2024ರ ಜನವರಿ 12ರಂದು ಅದು ಚಾಲನೆಗೊಂಡದ್ದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ತಮ್ಮಂದಿರೇ, ತಂಗಿಯರೇ, ಆ ಹಣವನ್ನು ಕಲಿಕೆಗೆ ಹಾಕಿ. ಹಳೆಯ ಕಂಪ್ಯೂಟರ್ ಒಂದನ್ನು ನಾಲ್ಕು ಜನ ಸೇರಿ ಕೊಳ್ಳಿ. ಲಿನಕ್ಸ್ ಹಾಕಿ, ಕೆಡಿಸಿ, ಸರಿಮಾಡಿ, ಬರೆದಿಡಿ. ಸಂದರ್ಶನದಲ್ಲಿ “ಅನುಭವ ಎಷ್ಟು?” ಎಂದವರ ಮುಂದೆ ಆ ನೋಟ್ ಪುಸ್ತಕ ಇಡಿ.

ಮೂರನೆಯದು, ಈ ಕಸುಬಿನಲ್ಲಿ ಹತ್ತಿಪ್ಪತ್ತು ವರ್ಷ ಕಳೆದು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ನಮ್ಮೂರಿನವರಿಗೆ. ಹಬ್ಬಕ್ಕೆ ಊರಿಗೆ ಬರುತ್ತೀರಿ. ಒಂದು ಮಧ್ಯಾಹ್ನ ಹೊಸಮನೆಯ ಯಾವುದಾದರೂ ಶಾಲೆಯ ಕೋಣೆಯಲ್ಲಿ ಹತ್ತು ಮಕ್ಕಳ ಜೊತೆ ಕೂರಿ. ಆಮೇಲೆ ತಿಂಗಳಿಗೊಮ್ಮೆ ಫೋನಿನಲ್ಲಿ ಅರ್ಧ ಗಂಟೆ ಕೊಡಿ. ಒಬ್ಬರು ಇಬ್ಬರನ್ನು ತಯಾರು ಮಾಡಿದರೆ ಸಾಕು. ನಿಮಗೂ ಯಾರೋ ಒಬ್ಬರು ಮೊದಲ ಸಲ ಕೀಬೋರ್ಡ್ ಮುಟ್ಟಲು ಬಿಟ್ಟಿದ್ದರು. ಅವರ ಹೆಸರು ನೆನಪಿಸಿಕೊಳ್ಳಿ.

ಬಂಧುಗಳೇ, ಕೆಲಸದಲ್ಲಿ ಪಾಲು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರುತ್ತೇವೆ. ಅದರ ಜೊತೆಗೆ ನಮ್ಮದೇ ಕೈಯಲ್ಲಿರುವ ಸಂಸ್ಥೆಗಳಲ್ಲಿ, ನಮ್ಮದೇ ಸೊಸೈಟಿ, ಸಂಘ, ಕಾಲೇಜುಗಳಲ್ಲಿ, ಈ ವರ್ಷ ಎಷ್ಟು ಹೊಸಬರನ್ನು ಒಳಗೆ ಬಿಟ್ಟೆವು, ಅವರಿಗೆ ಎಷ್ಟು ಕಲಿಸಿದೆವು ಎಂಬ ಲೆಕ್ಕವೂ ಬೇಕು. ಮುಂದಿನ ರಾಜ್ಯೋತ್ಸವಕ್ಕೆ ಬಾವುಟದ ಜೊತೆ ಆ ಲೆಕ್ಕವನ್ನೂ ತನ್ನಿ.

ಜೈ ಕರ್ನಾಟಕ.